ನಮ್ಮ ಪ್ರೋಗ್ರಾಮಿಗೆ ಹಾರ್ಡ್‌ವೇರ್ ಬಗ್ಗೆ ಹೇಳುವವರು ಯಾರು?

ಮೊದಲು ಒಂದು ಅಡಿಕೆ ಮಂಡಿಯ ವಿಷಯ ಹೇಳುತ್ತೇನೆ. ಸುಮಾರು 15 ವರ್ಷದ ಹಿಂದಿನ ಮಾತು. ಶಿವಮೊಗ್ಗ ಕಡೆಯ ಒಂದು ಮಂಡಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಎಷ್ಟು ಮೂಟೆ, ತೂಕ ಎಷ್ಟು, ಟೆಂಡರಿನಲ್ಲಿ ಏನು ರೇಟು ಬಿತ್ತು, ಹಮಾಲಿ ಮತ್ತು ಮುಂಗಡ ಕಳೆದು ರೈತರ ಕೈಗೆ ಎಷ್ಟು, ಎಲ್ಲ ಸೇರಿ ಒಂದು ಪಟ್ಟಿ ಪ್ರಿಂಟ್ ಆಗಬೇಕು. ಪ್ರೋಗ್ರಾಮು ಚೆನ್ನಾಗಿಯೇ ನಡೆಯುತ್ತಿತ್ತು. ಯಾರೂ ಪೆನ್‌ಡ್ರೈವಿನಲ್ಲಿ ಕಾಪಿ ಹೊಡೆದುಕೊಂಡು ಹೋಗಬಾರದು ಅಂತ ಅದಕ್ಕೊಂದು ಲಾಕ್ ಹಾಕಿದ್ದೆ. ಪ್ರೋಗ್ರಾಮು ಶುರುವಾದ ಕೂಡಲೇ ಸಿ ಡ್ರೈವಿನ ನಂಬರು ಓದುತ್ತದೆ. ನಾನು ಬರೆದಿಟ್ಟ ನಂಬರಿಗೆ ಹೊಂದಿದರೆ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ.

ಒಂದು ದಿನ ಅವರ ಕಂಪ್ಯೂಟರಿಗೆ ವೈರಸ್ ಬಂತು. ಊರಿನ ಹುಡುಗನೊಬ್ಬ ಬಂದು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ಬ್ಯಾಕಪ್‌ನಿಂದ ನನ್ನ ಪ್ರೋಗ್ರಾಮನ್ನೂ ವಾಪಸ್ ಹಾಕಿದ. ಮರುದಿನ ಟೆಂಡರ್. ಬೆಳಿಗ್ಗೆಯೇ ಮಂಡಿ ಯಜಮಾನರ ಫೋನು. 'ಏನ್ರೀ, ನಿಮ್ಮ ಪ್ರೋಗ್ರಾಮು ಇದು ಬೇರೆ ಕಂಪ್ಯೂಟರು ಅಂತಿದೆಯಲ್ಲ? ಅದೇ ಡಬ್ಬ, ಅದೇ ಟೇಬಲ್ಲು. ರೈತರು ಪಟ್ಟಿಗೆ ಕಾಯ್ತಾ ಕೂತಿದ್ದಾರೆ.' ಅವರು ಹೇಳಿದ್ದು ನಿಜ. ಡಿಸ್ಕ್ ಬದಲಾಗಿರಲಿಲ್ಲ. ಬದಲಾಗಿದ್ದು ನಾನು ಡಿಸ್ಕಿನ ನಂಬರು ಅಂದುಕೊಂಡಿದ್ದ ನಂಬರು.

ಅದರ ಹೆಸರು ವಾಲ್ಯೂಮ್ ಸೀರಿಯಲ್ ನಂಬರ್. ಕಮಾಂಡ್ ಪ್ರಾಂಪ್ಟಿನಲ್ಲಿ ಡಿರ್ ಅಂತ ಹೊಡೆದರೆ ಮೇಲ್ಗಡೆ ಕಾಣುತ್ತದಲ್ಲ, ನಾಲ್ಕು ಅಕ್ಷರ, ಒಂದು ಗೆರೆ, ಮತ್ತೆ ನಾಲ್ಕು ಅಕ್ಷರ, ಅದೇ. ಡಿಸ್ಕ್ ತಯಾರಿಸಿದ ಕಾರ್ಖಾನೆಗೂ ಆ ನಂಬರಿಗೂ ಸಂಬಂಧವೇ ಇಲ್ಲ. ಫಾರ್ಮ್ಯಾಟ್ ಮಾಡಿದ ತಾರೀಖು, ಗಂಟೆ ನೋಡಿಕೊಂಡು ಫಾರ್ಮ್ಯಾಟ್ ಪ್ರೋಗ್ರಾಮೇ ಅದನ್ನು ಹುಟ್ಟಿಸಿ ಬರೆದಿಡುತ್ತದೆ. ಇನ್ನೊಂದು ಸಲ ಫಾರ್ಮ್ಯಾಟ್ ಮಾಡಿದರೆ ಇನ್ನೊಂದು ನಂಬರು. ಸಾಫ್ಟ್‌ವೇರ್ ಬರೆದಿಟ್ಟ ಗುರುತನ್ನು ನಾನು ಹಾರ್ಡ್‌ವೇರಿನ ಗುರುತು ಅಂತ ನಂಬಿದ್ದೆ. ಆ ದಿನ ರೈತರ ಪಟ್ಟಿಗಳನ್ನೆಲ್ಲ ಕೈಯಲ್ಲೇ ಬರೆದರು. ಆ ಬೆಳಿಗ್ಗೆ ನನ್ನ ಮನಸ್ಸಿಗೆ ಬಂದ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಪ್ರೋಗ್ರಾಮಿಗೆ ಈ ಮಾಹಿತಿ ಹೇಳಿದ್ದು ಯಾರು?

ಇಲ್ಲಿ ರೈತರ ಮನೆಯಿಂದ ಬಂದವರು ಜಾಸ್ತಿ ಇದ್ದೀರಿ ಅಂತ ಕೇಳಿದೆ. ನಿಮಗೆ ಪಹಣಿ ಗೊತ್ತು. ಪಹಣಿಯಲ್ಲಿ 2 ಎಕರೆ ಅಂತ ಇರುತ್ತದೆ. ಸರ್ವೆಯವರು ಬಂದು ಅಳೆದರೆ ಎರಡು ಗುಂಟೆ ಕಮ್ಮಿ ಬರಬಹುದು. ಪಹಣಿ ಅಂದರೆ ಯಾರೋ ಒಮ್ಮೆ ಬರೆದಿಟ್ಟದ್ದು. ಅಳತೆ ಅಂದರೆ ಜಮೀನನ್ನೇ ಕೇಳಿದ್ದು. ಎರಡೂ ಬೇಕು, ಆದರೆ ಎರಡೂ ಒಂದೇ ಅಲ್ಲ. ಕಂಪ್ಯೂಟರಿನ ಒಳಗೂ ಹೀಗೆಯೇ. ಕೆಲವು ಮಾಹಿತಿ ಚಿಪ್ಪಿನಿಂದ ನೇರವಾಗಿ ಬರುತ್ತದೆ. ಕೆಲವನ್ನು ಕಾರ್ಖಾನೆಯಲ್ಲಿ ಯಾರೋ ಟೈಪ್ ಮಾಡಿಟ್ಟಿರುತ್ತಾರೆ. ಇನ್ನು ಕೆಲವನ್ನು ಆಪರೇಟಿಂಗ್ ಸಿಸ್ಟಮ್ ತಾನೇ ಲೆಕ್ಕ ಹಾಕಿ ಹೇಳುತ್ತದೆ. ಪರದೆಯ ಮೇಲೆ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತವೆ.

ನೇರವಾಗಿ ಕೇಳುವುದಕ್ಕೆ ಬಹಳ ಒಳ್ಳೆಯ ಉದಾಹರಣೆ ಪ್ರೊಸೆಸರ್. 1993ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಬಂದಾಗ ಅದರ ಜೊತೆ ಸಿಪಿಯುಐಡಿ ಅನ್ನುವ, ಪ್ರೊಸೆಸರಿಗೆ ಕೊಡುವ ಅಪ್ಪಣೆಯಂಥ ಇನ್‌ಸ್ಟ್ರಕ್ಷನ್ ಬಂತು. ಅದಕ್ಕೂ ಮುಂಚೆ 'ನೀನು ಯಾವ ಪ್ರೊಸೆಸರಪ್ಪ' ಅಂತ ಕೇಳುವ ದಾರಿಯೇ ಇರಲಿಲ್ಲ. ಪ್ರೋಗ್ರಾಮರುಗಳು ಒಗಟು ಬಿಡಿಸಿದ ಹಾಗೆ ಪತ್ತೆ ಮಾಡುತ್ತಿದ್ದರು. ರಿಜಿಸ್ಟರ್ ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಗೂಡು, ಬಿಟ್ ಅಂದರೆ 0 ಅಥವಾ 1 ಹಿಡಿಯುವ ಒಂದು ಮನೆ. ಫ್ಲ್ಯಾಗ್ಸ್ ಅನ್ನುವ ರಿಜಿಸ್ಟರಿನ ಮೇಲಿನ ನಾಲ್ಕು ಬಿಟ್‌ಗಳನ್ನು ಬದಲಾಯಿಸಲು ನೋಡುವುದು. ಏನೇ ಮಾಡಿದರೂ ಅವು 1 ಆಗಿಯೇ ಉಳಿದರೆ ಅದು ಹಳೆಯ 8086 ಪ್ರೊಸೆಸರ್. 0 ಆಗಿಯೇ ಉಳಿದರೆ 286. ಅವು ಬದಲಾದರೆ ಇನ್ನೂ ಹೊಸದು. ಆಗ 18ನೇ ಬಿಟ್ ಬದಲಾಗದಿದ್ದರೆ 386, ಬದಲಾದರೆ 486. ಎಮ್ಮೆ ಕೊಳ್ಳುವಾಗ ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಆ ಥರದ ಜಾಣ್ಮೆ ಅದು. ಸಿಪಿಯುಐಡಿ ಇದೆಯೋ ಇಲ್ಲವೋ ಅಂತ ತಿಳಿಯುವುದಕ್ಕೂ ಅದೇ ದಾರಿ. 21ನೇ ಬಿಟ್ ಬದಲಾಯಿಸಲು ಬಂದರೆ ಇದೆ ಅಂತ ಅರ್ಥ.

ಈ ಇನ್‌ಸ್ಟ್ರಕ್ಷನ್ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡೋಣ. ಇಎಎಕ್ಸ್ ರಿಜಿಸ್ಟರಿನಲ್ಲಿ ಸೊನ್ನೆ ಇಟ್ಟು ಸಿಪಿಯುಐಡಿ ಓಡಿಸಿ. ತಯಾರಕರ ಹೆಸರು 12 ಅಕ್ಷರಗಳಲ್ಲಿ ಬರುತ್ತದೆ. ಇಂಟೆಲ್ ಆದರೆ 'ಜೆನ್ಯೂಯಿನ್ ಇಂಟೆಲ್', ಎಎಂಡಿ ಆದರೆ 'ಅಥೆಂಟಿಕ್ ಎಎಂಡಿ', ನಡುವೆ ಜಾಗ ಬಿಡದೆ. ಒಂದು ರಿಜಿಸ್ಟರಿನಲ್ಲಿ ನಾಲ್ಕೇ ಅಕ್ಷರ ಹಿಡಿಸುತ್ತದೆ. ಹಾಗಾಗಿ ಮೂರು ತುಂಡು. ಮೊದಲ ನಾಲ್ಕು ಇಬಿಎಕ್ಸ್‌ನಲ್ಲಿ. ಮುಂದಿನ ನಾಲ್ಕು ಇಸಿಎಕ್ಸ್‌ನಲ್ಲಿ ಅಂದುಕೊಳ್ಳುತ್ತೀರಿ, ಅಲ್ವಾ? ಅಲ್ಲ, ಇಡಿಎಕ್ಸ್‌ನಲ್ಲಿ. ಕೊನೆಯ ನಾಲ್ಕು ಇಸಿಎಕ್ಸ್‌ನಲ್ಲಿ. ಮೊದಲ ಸಲ ಬರೆಯುವವರಲ್ಲಿ ಹೆಚ್ಚಿನವರು ಇಲ್ಲಿ ಎಡವುತ್ತಾರೆ, ಹೆಸರು ಕಲಸಿಕೊಂಡು ಬರುತ್ತದೆ. ಅದೇ ಥರ ಇನ್ನೂ ಮೂರು ಸಲ ಬೇರೆ ಬೇರೆ ಸಂಖ್ಯೆ ಇಟ್ಟು ಕೇಳಿದರೆ, ಸಲಕ್ಕೆ 16ರಂತೆ 48 ಅಕ್ಷರದ ಪೂರ್ತಿ ಮಾಡೆಲ್ ಹೆಸರು ಸಿಗುತ್ತದೆ. ಲಿನಕ್ಸಿನಲ್ಲಿ ಪ್ರಾಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲು ತೆರೆದರೆ ಕಾಣುವ ಮಾಡೆಲ್ ಹೆಸರು ಇದೇ. ಅದು ಡಿಸ್ಕಿನಲ್ಲಿರುವ ಫೈಲಲ್ಲ. ನೀವು ಓದಲು ಹೋದಾಗ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಆ ಕ್ಷಣದಲ್ಲೇ ಬರೆದುಕೊಡುತ್ತದೆ.

ಹೆಸರು ಸಿಕ್ಕಿತಲ್ಲ ಅಂತ ಅದರ ಮೇಲೆ ತೀರ್ಮಾನ ಮಾಡಲು ಹೋಗಬೇಡಿ. ಇದು ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾವು ಬರೆದ ಕೋಡನ್ನು ಪ್ರೊಸೆಸರಿನ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಅಂತ ಹೆಸರು. ಇಂಟೆಲ್ ಕಂಪನಿ ತನ್ನದೇ ಕಂಪೈಲರ್ ಮಾಡುತ್ತಿತ್ತು. ಅದರಿಂದ ಬಂದ ಪ್ರೋಗ್ರಾಮುಗಳು ಓಡುವಾಗ ಪ್ರೊಸೆಸರಿನ ಹೆಸರು ಕೇಳುತ್ತಿದ್ದವು. ಇಂಟೆಲ್ ಅಂತ ಬಂದರೆ ವೇಗದ ದಾರಿ. ಬೇರೆ ಹೆಸರು ಬಂದರೆ, ಆ ಪ್ರೊಸೆಸರಿಗೆ ಅದೇ ಶಕ್ತಿ ಇದ್ದರೂ, ನಿಧಾನದ ದಾರಿ. ಡೆನ್ಮಾರ್ಕಿನ ಕಂಪ್ಯೂಟರ್ ತಜ್ಞ ಆಗ್ನರ್ ಫಾಗ್ ಇದನ್ನು ವಿವರವಾಗಿ ಬಯಲಿಗೆ ತಂದರು. ವಿಯಾ ಕಂಪನಿಯ ನ್ಯಾನೋ ಪ್ರೊಸೆಸರಿನಲ್ಲಿ ಈ 12 ಅಕ್ಷರದ ಹೆಸರನ್ನೇ ಬದಲಾಯಿಸಲು ಬರುತ್ತಿತ್ತು. 2008ರಲ್ಲಿ ಅದಕ್ಕೆ ಇಂಟೆಲ್ ಹೆಸರು ಕೊಟ್ಟು ನೋಡಿದಾಗ, ಅದೇ ಚಿಪ್ಪು ವೇಗ ಅಳೆಯುವ ಒಂದು ಬೆಂಚ್‌ಮಾರ್ಕಿನಲ್ಲಿ ಹೆಚ್ಚು ಅಂಕ ತೆಗೆದುಕೊಂಡಿತು. ಚಿಪ್ಪಿನಲ್ಲಿ ಬೇರೇನೂ ಬದಲಾಗಿರಲಿಲ್ಲ, ಹೆಸರು ಮಾತ್ರ. 2010ರಲ್ಲಿ ಇಂಟೆಲ್ ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಈ ಕಂಪೈಲರ್ ವಿಷಯವೂ ಸೇರಿತ್ತು.

ಸಂದರ್ಶನಕ್ಕೆ ಬಂದವರ ಕುಲ ಕೇಳಿ ಕೆಲಸ ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಏನು ಬರುತ್ತದೆ ಅಂತ ಕೇಳಿ. ಸಿಪಿಯುಐಡಿಯಲ್ಲೇ ಅದಕ್ಕೂ ಜಾಗ ಇದೆ. ಒಂದೊಂದು ಶಕ್ತಿಗೆ ಒಂದೊಂದು ಬಿಟ್. ಎಸ್‌ಎಸ್‌ಇ ಇದೆಯಾ, ಎವಿಎಕ್ಸ್ ಇದೆಯಾ, ಎಇಎಸ್ ಇದೆಯಾ. ಮೊದಲೆರಡು ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಶಕ್ತಿ, ಮೂರನೆಯದು ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವ ಶಕ್ತಿ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎವಿಎಕ್ಸ್ ಬಿಟ್ 1 ಅಂತ ಬಂತು ಅಂದುಕೊಳ್ಳಿ. ಅಷ್ಟಕ್ಕೇ ಬಳಸಬಹುದಾ? ಆಗುವುದಿಲ್ಲ. ಎವಿಎಕ್ಸ್‌ಗೆ ದೊಡ್ಡ ರಿಜಿಸ್ಟರುಗಳಿವೆ. ಒಂದು ಪ್ರೋಗ್ರಾಮು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅವುಗಳಲ್ಲಿರುವುದನ್ನು ಎತ್ತಿಟ್ಟುಕೊಳ್ಳಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದ ಓಎಸ್‌ಎಕ್ಸ್‌ಸೇವ್ ಅನ್ನುವ ಬಿಟ್ಟನ್ನೂ ನೋಡಬೇಕು, ಆಮೇಲೆ ಎಕ್ಸ್‌ಗೆಟ್‌ಬಿವಿ ಅನ್ನುವ ಇನ್‌ಸ್ಟ್ರಕ್ಷನ್ ಓಡಿಸಿ ಆಪರೇಟಿಂಗ್ ಸಿಸ್ಟಮ್ ನಿಜವಾಗಿ ಒಪ್ಪಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಹುಡುಗನಿಗೆ ಈಜು ಬಂದರೆ ಸಾಲದು, ಕೆರೆಯಲ್ಲಿ ನೀರೂ ಇರಬೇಕು.

ಈಗ ಪಹಣಿಯ ಕಡೆಗೆ ಬರೋಣ. ಕಂಪ್ಯೂಟರಿನ ಬ್ರ್ಯಾಂಡ್ ಯಾವುದು, ಮಾಡೆಲ್ ಯಾವುದು, ಸೀರಿಯಲ್ ನಂಬರ್ ಏನು, ರ‍್ಯಾಮಿಗೆ ಎಷ್ಟು ಸ್ಲಾಟ್ ಇವೆ, ಅದರಲ್ಲಿ ಎಷ್ಟು ತುಂಬಿವೆ, ಇದನ್ನೆಲ್ಲ ಪ್ರೊಸೆಸರ್ ಹೇಳುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮು ಬಯೋಸ್. ಅದು ಒಂದು ಪಟ್ಟಿ ತಯಾರಿಸಿ ಮೆಮೊರಿಯಲ್ಲಿ ಇಡುತ್ತದೆ. ಅದಕ್ಕೆ ಎಸ್ಎಂಬಯೋಸ್ ಅಂತ ಹೆಸರು. ಸಾಲು ಸಾಲಾಗಿ ವಿಭಾಗಗಳು. 0 ಅಂದರೆ ಬಯೋಸ್, 1 ಅಂದರೆ ಇಡೀ ಯಂತ್ರ, 2 ಅಂದರೆ ಮದರ್‌ಬೋರ್ಡ್, 17 ಅಂದರೆ ಒಂದೊಂದು ರ‍್ಯಾಮ್ ಸ್ಲಾಟ್. ವಿಂಡೋಸ್‌ನಲ್ಲಿ ಡಬ್ಲ್ಯೂಎಂಐ ಅನ್ನುವ ಮಾಹಿತಿ ವ್ಯವಸ್ಥೆಯ ಮೂಲಕ ಕೇಳಿದರೂ, ಲಿನಕ್ಸಿನಲ್ಲಿ ಡಿಎಂಐಡಿಕೋಡ್ ಅನ್ನುವ ಕಮಾಂಡ್ ಓಡಿಸಿದರೂ ಕೊನೆಗೆ ಓದುವುದು ಇದೇ ಪಟ್ಟಿಯನ್ನು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೋರ್ಡು, ಕ್ಯಾಬಿನೆಟ್ಟು, ರ‍್ಯಾಮು ಬೇರೆ ಬೇರೆ ತಂದು ಜೋಡಿಸಿದ ಕಂಪ್ಯೂಟರ್ ನಿಮ್ಮ ಮನೆಯಲ್ಲಿ ಇದ್ದರೆ, ಇವತ್ತು ಸಂಜೆ ಹೋಗಿ 1ನೇ ವಿಭಾಗ ಓದಿ. ಸೀರಿಯಲ್ ನಂಬರಿನ ಜಾಗದಲ್ಲಿ ಹೆಚ್ಚಾಗಿ ಒಂದು ಇಂಗ್ಲಿಷ್ ವಾಕ್ಯ ಸಿಗುತ್ತದೆ. 'ಟು ಬಿ ಫಿಲ್ಡ್ ಬೈ ಓಇಎಂ.' ಅಂದರೆ ಯಂತ್ರ ಜೋಡಿಸುವವರು ತುಂಬಬೇಕಾದ ಜಾಗ. ಕೆಲವು ಬೋರ್ಡಿನಲ್ಲಿ 'ಡೀಫಾಲ್ಟ್ ಸ್ಟ್ರಿಂಗ್' ಅಂತ ಇರುತ್ತದೆ. ಇದು ಯಾರ ತಪ್ಪೂ ಅಲ್ಲ. ಬೋರ್ಡ್ ಮಾಡುವ ಕಂಪನಿಗೆ ಅದು ಯಾವ ಯಂತ್ರದೊಳಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ, ಅದಕ್ಕೇ ಖಾಲಿ ಬಿಡುತ್ತದೆ. ದೊಡ್ಡ ಕಂಪನಿಗಳು ತಮ್ಮ ಕಾರ್ಖಾನೆಯಲ್ಲಿ ತುಂಬುತ್ತವೆ. ಅಂಗಡಿಯಲ್ಲಿ ಜೋಡಿಸುವವರ ಬಳಿ ಅದನ್ನು ತುಂಬುವ ಸಾಧನವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಆದರೆ ಈ ಸೀರಿಯಲ್ ನಂಬರಿನ ಮೇಲೆ ಲಾಕ್ ಹಾಕಿದ ಪ್ರೋಗ್ರಾಮ್ ಏನಾಗುತ್ತದೆ ಯೋಚಿಸಿ. ಒಂದೇ ಥರದ ಬೋರ್ಡಿರುವ ಕಂಪ್ಯೂಟರುಗಳೆಲ್ಲ ಅದಕ್ಕೆ ಒಂದೇ ಕಂಪ್ಯೂಟರು.

ಅದೇ ವಿಭಾಗದಲ್ಲಿ ಯುಯುಐಡಿ ಅಂತ 16 ಬೈಟಿನ ಒಂದು ಗುರುತು ಇದೆ. ಅದೂ ಕೆಲವು ಬೋರ್ಡಿನಲ್ಲಿ ಬರೀ ಸೊನ್ನೆ, ಕೆಲವದರಲ್ಲಿ ಪೂರ್ತಿ ಎಫ್. ಸರಿಯಾಗಿದ್ದಾಗಲೂ ಒಂದು ಗೊಂದಲ ಇದೆ. ಅದರ ಮೊದಲ ಮೂರು ಭಾಗಗಳ ಬೈಟುಗಳನ್ನು ಯಾವ ಕಡೆಯಿಂದ ಓದಬೇಕು ಅನ್ನುವುದರಲ್ಲಿ ಹಳೆಯ ಮತ್ತು ಹೊಸ ಪದ್ಧತಿ ಬೇರೆ. ಒಂದು ಸಾಧನ ಹಾಗೆ ತೋರಿಸುತ್ತದೆ, ಇನ್ನೊಂದು ಹೀಗೆ. ಒಂದೇ ಯಂತ್ರಕ್ಕೆ ಎರಡು ಯುಯುಐಡಿ ಇದೆ ಅಂತ ಯಾರಾದರೂ ನಿಮಗೆ ಹೇಳಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊನೆಯ ಎರಡು ಭಾಗ ಹೊಂದಿದರೆ ರೋಗ ಇದೇ.

ಡಿಸ್ಕಿನ ನಿಜವಾದ ಸೀರಿಯಲ್ ನಂಬರ್ ಎಲ್ಲಿದೆ ಹಾಗಾದರೆ? ಡಿಸ್ಕಿನ ಒಳಗೇ ಇದೆ. ಹಳೆಯ ಹಾರ್ಡ್ ಡಿಸ್ಕ್ ಮತ್ತು ಸಾಟಾ ಎಸ್‌ಎಸ್‌ಡಿಗಳಿಗೆ ಐಡೆಂಟಿಫೈ ಡಿವೈಸ್ ಅನ್ನುವ ಕಮಾಂಡ್ ಕಳಿಸಬೇಕು. ಡಿಸ್ಕ್ 512 ಬೈಟ್ ವಾಪಸ್ ಕೊಡುತ್ತದೆ. ಅದರಲ್ಲಿ 20 ಅಕ್ಷರ ಸೀರಿಯಲ್ ನಂಬರು, 40 ಅಕ್ಷರ ಮಾಡೆಲ್ ಹೆಸರು. ಆದರೆ ಅಕ್ಷರಗಳು ಜೋಡಿ ಜೋಡಿಯಾಗಿ ಹಿಂದುಮುಂದಾಗಿ ಬರುತ್ತವೆ. ನಮ್ಮ ಭಾಷೆಯಲ್ಲಿ ತೋರಿಸುವುದಾದರೆ 'ಮಡಿಕೇರಿ' ಅಂತ ಬರೆದಿಟ್ಟದ್ದು 'ಡಿಮರಿಕೇ' ಅಂತ ಕೈಗೆ ಸಿಗುತ್ತದೆ. ಆ ಕಮಾಂಡು ಎರಡೆರಡು ಬೈಟು ಸೇರಿದ ಪದಗಳಾಗಿ ಮಾಹಿತಿ ಕೊಡುವುದರಿಂದ ಹೀಗೆ. ಪ್ರತಿ ಜೋಡಿಯನ್ನೂ ತಿರುಗಿಸಬೇಕು, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಬೇಕು. ಆಗ ಡಿಸ್ಕಿನ ಮೇಲೆ ಅಂಟಿಸಿದ ಲೇಬಲ್ಲಿನಲ್ಲಿರುವ ನಂಬರೇ ಪರದೆ ಮೇಲೆ ಬರುತ್ತದೆ. ಮಂಡಿಯ ವಿಷಯ ಆದಮೇಲೆ ನಾನು ಮೊದಲ ಸಲ ಇದನ್ನು ಸರಿಯಾಗಿ ಓದಿದಾಗ, ಡಬ್ಬ ಬಿಚ್ಚಿ, ಟಾರ್ಚ್ ಹಿಡಿದು, ಲೇಬಲ್ಲಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿದ್ದೆ. ನೀವೂ ಒಮ್ಮೆಯಾದರೂ ಹಾಗೆ ಮಾಡಿ. ಪರದೆಯ ಮೇಲಿನ ಮಾತನ್ನು ವಸ್ತುವಿನ ಜೊತೆ ತಾಳೆ ನೋಡುವ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ. ಅದೇ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿದರೆ ನಡುವೆ ಇನ್ನೊಂದು ಚಿಪ್ಪು ಬರುತ್ತದೆ. ಕೆಲವು ಸಲ ಅದು ಡಿಸ್ಕಿನ ನಂಬರು ಬಿಟ್ಟು ತನ್ನ ನಂಬರನ್ನೇ ಹೇಳುತ್ತದೆ.

ಅಳತೆಯ ವಿಷಯದಲ್ಲೂ ಯಾರ ಲೆಕ್ಕ ಅಂತ ನೋಡಬೇಕು. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 465 ಅಂತ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋದವರನ್ನು ನಾನು ನೋಡಿದ್ದೇನೆ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸುತ್ತದೆ. ರ‍್ಯಾಮಿನದು ಬೇರೆ ಕಾರಣ. 8 ಜಿಬಿ ಹಾಕಿದ್ದರೂ ಆಪರೇಟಿಂಗ್ ಸಿಸ್ಟಮ್ ಅದಕ್ಕಿಂತ ಕಮ್ಮಿ ಹೇಳುತ್ತದೆ, ಯಾಕೆಂದರೆ ಗ್ರಾಫಿಕ್ಸ್ ಮತ್ತು ಬಯೋಸ್ ತಮ್ಮ ಪಾಲು ಮೊದಲೇ ತೆಗೆದಿಟ್ಟುಕೊಂಡಿರುತ್ತವೆ. ವಿಂಡೋಸ್‌ನಲ್ಲಿ ಇದಕ್ಕೆ ಎರಡು ಬೇರೆ ಫಂಕ್ಷನ್ನುಗಳೇ ಇವೆ. ಒಂದು ಎಷ್ಟು ರ‍್ಯಾಮ್ ಹಾಕಿದ್ದಾರೆ ಅಂತ ಎಸ್ಎಂಬಯೋಸ್ ನೋಡಿ ಹೇಳುತ್ತದೆ, ಇನ್ನೊಂದು ಬಳಸಲು ಎಷ್ಟು ಸಿಗುತ್ತದೆ ಅಂತ ಹೇಳುತ್ತದೆ. ಗ್ರಾಹಕರಿಗೆ ತೋರಿಸಲು ಮೊದಲನೆಯದು. ನಿಮ್ಮ ಪ್ರೋಗ್ರಾಮು ಎಷ್ಟು ಮೆಮೊರಿ ತೆಗೆದುಕೊಳ್ಳಬೇಕು ಅಂತ ನಿರ್ಧರಿಸಲು ಎರಡನೆಯದು.

ಕೋರುಗಳ, ಅಂದರೆ ಪ್ರೊಸೆಸರಿನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಘಟಕಗಳ, ಎಣಿಕೆಯೂ ಹಾಗೆಯೇ. ಕಂಟೇನರ್ ಅಂದರೆ ದೊಡ್ಡ ಸರ್ವರಿನಲ್ಲಿ ಒಂದು ಪ್ರೋಗ್ರಾಮಿಗೆ ಬೇರ್ಪಡಿಸಿ ಕೊಟ್ಟ ಜಾಗ. ಕಂಟೇನರುಗಳು ಬಂದ ಹೊಸತರಲ್ಲಿ ಜಾವಾ ಪ್ರೋಗ್ರಾಮುಗಳು ದೊಡ್ಡ ಸರ್ವರಿನ ಎಲ್ಲ ಕೋರುಗಳನ್ನೂ ತಮ್ಮವೇ ಅಂತ ಎಣಿಸಿಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಥ್ರೆಡ್, ಅಂದರೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳನ್ನು, ಶುರು ಮಾಡುತ್ತಿದ್ದವು. ಕಂಟೇನರಿಗೆ ಕೊಟ್ಟಿದ್ದು ಎರಡೇ ಕೋರು ಇರುತ್ತಿತ್ತು. 2018ರ ಜಾವಾ 10ರಲ್ಲಿ ಇದನ್ನು ಸರಿಪಡಿಸಿದರು. ಛತ್ರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದವರು ಇಡೀ ಛತ್ರದ ಚಾಪೆ ಎಣಿಸಿ ನೆಂಟರನ್ನು ಕರೆದ ಹಾಗೆ ಆಗುತ್ತಿತ್ತು.

ಕೋಡು ಬರೆಯುವವರಿಗೆ ಇಲ್ಲಿ ಒಂದು ಚಿಕ್ಕ ಮಾತು. ಡಬ್ಲ್ಯೂಎಂಐಸಿ ಅನ್ನುವ ಕಮಾಂಡನ್ನು ಪ್ರೋಗ್ರಾಮಿನಿಂದ ಓಡಿಸಿ, ಅದು ಪ್ರಿಂಟ್ ಮಾಡಿದ ಅಕ್ಷರಗಳನ್ನು ಕತ್ತರಿಸಿ ಮಾಹಿತಿ ತೆಗೆಯುವುದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಆ ಕಮಾಂಡನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2021ರಲ್ಲೇ ಹೇಳಿದೆ. ಡಬ್ಲ್ಯೂಎಂಐ ಇದೆ, ಹೋಗುತ್ತಿರುವುದು ಆ ಕಮಾಂಡ್ ಮಾತ್ರ. ಪವರ್‌ಶೆಲ್‌ನ ಗೆಟ್ ಸಿಮ್ ಇನ್‌ಸ್ಟನ್ಸ್ ಬಳಸಿ, ಇಲ್ಲ ಅಂದರೆ ವಿಂಡೋಸ್ ಕೊಡುವ ಫಂಕ್ಷನ್ನುಗಳನ್ನೇ, ಅಂದರೆ ಎಪಿಐ, ನೇರವಾಗಿ ಕರೆಯಿರಿ. ಪೈಥಾನ್ ಬರೆಯುವವರಿಗೆ ಮೆಮೊರಿ, ಡಿಸ್ಕ್, ಕೋರುಗಳ ಮಟ್ಟಿಗೆ ಪಿಎಸ್‌ಯುಟಿಲ್ ಸಾಕು. ಯಾವುದನ್ನೇ ಬಳಸಿ, ಉತ್ತರ ಖಾಲಿ ಬಂದರೆ ಪ್ರೋಗ್ರಾಮು ಬೀಳಬಾರದು. ವರ್ಚುವಲ್ ಮೆಷಿನ್ನಿನಲ್ಲಿ, ಅಂದರೆ ಸಾಫ್ಟ್‌ವೇರಿನಿಂದ ಹುಟ್ಟಿಸಿದ ಕಂಪ್ಯೂಟರಿನಲ್ಲಿ, ಎಷ್ಟೋ ಉತ್ತರಗಳು ಖಾಲಿಯೇ ಬರುತ್ತವೆ.

ಈಗ ಇನ್ನೊಂದು ಬದಿ ನೋಡೋಣ. ಕೇಳಲು ಬರುತ್ತದೆ ಅಂತ ಎಲ್ಲವನ್ನೂ ಕೇಳಬಹುದಾ? 1999ರಲ್ಲಿ ಪೆಂಟಿಯಂ 3 ಬಂತು. ಅದರಲ್ಲಿ ಪ್ರತಿ ಪ್ರೊಸೆಸರಿಗೂ 96 ಬಿಟ್‌ಗಳ ಸೀರಿಯಲ್ ನಂಬರ್ ಇತ್ತು, ಸಿಪಿಯುಐಡಿಯಿಂದಲೇ ಓದಬಹುದಿತ್ತು. ಅಮೆರಿಕದಲ್ಲಿ ಖಾಸಗಿತನದ ಬಗ್ಗೆ ಕಾಳಜಿ ಇದ್ದವರು ಎದ್ದು ನಿಂತರು. ಇಂಟರ್ನೆಟ್ಟಿನಲ್ಲಿ ಎಲ್ಲಿಗೆ ಹೋದರೂ ಅಳಿಸಲಾಗದ ಗುರುತು ಹೊತ್ತು ತಿರುಗಬೇಕಾ ಅನ್ನುವುದು ಅವರ ಪ್ರಶ್ನೆ. ಮುಂದಿನ ಪ್ರೊಸೆಸರುಗಳಲ್ಲಿ ಇಂಟೆಲ್ ಅದನ್ನು ಬಿಟ್ಟುಬಿಟ್ಟಿತು. ಆಮೇಲೆ ಮೊಬೈಲುಗಳಲ್ಲೂ ಇದೇ ದಾರಿ. ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪುಗಳಿಗೆ ಫೋನಿನ ಐಎಂಇಐ, ಸೀರಿಯಲ್ ನಂಬರ್ ಸಿಗುವುದಿಲ್ಲ. ವೈಫೈಗೆ ಸೇರುವಾಗ ಫೋನು ತನ್ನ ನಿಜವಾದ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಚಿಪ್ಪಿನ ಗುರುತು, ಅದರ ಬದಲು ಆ ನೆಟ್‌ವರ್ಕಿಗೆಂದೇ ಹುಟ್ಟಿಸಿದ ಒಂದನ್ನು ಕೊಡುತ್ತದೆ. ಐಫೋನಿನಲ್ಲಿ 2020ರ ಐಓಎಸ್ 14ರಿಂದ ಹಾಗೆ. ಲಿನಕ್ಸಿನಲ್ಲಿ ಯಂತ್ರದ ಮಾಡೆಲ್ ಹೆಸರನ್ನು ಯಾರು ಬೇಕಾದರೂ ಓದಬಹುದು, ಸೀರಿಯಲ್ ನಂಬರನ್ನು ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆ, ಮಾತ್ರ. ಈ ಗೆರೆ ಎಳೆದವರು ಯೋಚನೆ ಮಾಡಿ ಎಳೆದಿದ್ದಾರೆ. ಒಂದು ಮಾಡೆಲ್ ಸಾವಿರಾರು ಜನರ ಹತ್ತಿರ ಇರುತ್ತದೆ, ಸೀರಿಯಲ್ ನಂಬರ್ ಒಬ್ಬರ ಹತ್ತಿರ.

ಸಣ್ಣ ಸಣ್ಣ ಮಾಹಿತಿ ಕೂಡಿಸಿದರೂ ಮನುಷ್ಯ ಸಿಕ್ಕಿಬೀಳುತ್ತಾನೆ. 2010ರಲ್ಲಿ ಇಂಟರ್ನೆಟ್ ಬಳಸುವವರ ಹಕ್ಕಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಒಂದು ಪರೀಕ್ಷೆ ಮಾಡಿತು. ಪರದೆಯ ಅಳತೆ, ಫಾಂಟುಗಳ ಪಟ್ಟಿ, ಬ್ರೌಸರಿನ ವಿವರ, ಇಂಥವನ್ನು ಮಾತ್ರ ಒಟ್ಟು ಮಾಡಿ ನೋಡಿದಾಗ ನೂರಕ್ಕೆ 83ಕ್ಕಿಂತ ಹೆಚ್ಚು ಬ್ರೌಸರುಗಳು ಬೇರೆ ಯಾವುದಕ್ಕೂ ಹೋಲದೆ ಒಂಟಿಯಾಗಿ ಕಂಡವು. ಹಾಗಾಗಿ 'ಸುಮ್ನೆ ಇರಲಿ' ಅಂತ ಗ್ರಾಹಕರ ಯಂತ್ರದ ಇಡೀ ಜಾತಕ ನಿಮ್ಮ ಸರ್ವರಿಗೆ ಕಳಿಸಿಕೊಳ್ಳಬೇಡಿ. ಕ್ರ್ಯಾಶ್ ವರದಿಗೆ ಪ್ರೊಸೆಸರಿನ ಮಾಡೆಲ್ ಬೇಕು, ಕೊಡಿ. ಡಿಸ್ಕಿನ ಸೀರಿಯಲ್ ನಂಬರು ಅಲ್ಲಿ ಯಾಕೆ ಬೇಕು?

ಲಾಕ್ ಹಾಕಲೇಬೇಕು ಅನ್ನುವವರು ಇಲ್ಲಿ ಇದ್ದೀರಿ ಅಂತ ಗೊತ್ತು. ಸಣ್ಣ ಸಾಫ್ಟ್‌ವೇರ್ ಮಾಡಿ ಬದುಕುವವರ ಕಷ್ಟ ನನ್ನದೂ ಹೌದು. ಕನ್ನಡ ಡಿಟಿಪಿ ಮಾಡುತ್ತಿದ್ದ ಪ್ರೆಸ್ಸುಗಳಲ್ಲಿ ಹಿಂದೆ ಕಂಪ್ಯೂಟರಿನ ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಿರುತ್ತಿದ್ದರು. ಅದು ಇದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಕಂಪ್ಯೂಟರ್ ಕೆಟ್ಟರೆ ಡಾಂಗಲ್ ಕಿತ್ತು ಇನ್ನೊಂದಕ್ಕೆ ಹಾಕಿಕೊಂಡರೆ ಆಯಿತು. ಕಳೆದುಹೋದರೆ ಮಾತ್ರ ಕೆಲಸ ಕೆಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಬೇರೆ ದಾರಿ ಹಿಡಿಯಿತು. ಡಿಸ್ಕ್, ರ‍್ಯಾಮ್, ನೆಟ್‌ವರ್ಕ್ ಕಾರ್ಡ್ ಹೀಗೆ 10 ಗುರುತು ನೋಡಿ, ಕೆಲವು ಬದಲಾದರೂ ಅದೇ ಯಂತ್ರ ಅಂತ ಒಪ್ಪಿಕೊಳ್ಳುತ್ತಿತ್ತು. ಮನೆಗೆ ಸುಣ್ಣ ಬಳಿದರೆ, ಬಾಗಿಲು ಬದಲಾಯಿಸಿದರೆ ಅದು ಬೇರೆ ಮನೆ ಆಗುವುದಿಲ್ಲ, ಅಲ್ವಾ?

ಮಂಡಿಯ ಪ್ರೋಗ್ರಾಮನ್ನು ನಾನು ಆ ವಾರವೇ ತಿದ್ದಿದೆ. ಈಗ ಅದು ಡಿಸ್ಕಿನ ಕಾರ್ಖಾನೆ ನಂಬರು, ಮದರ್‌ಬೋರ್ಡಿನ ನಂಬರು, ನೆಟ್‌ವರ್ಕ್ ಕಾರ್ಡಿನ ಅಡ್ರೆಸ್ ಮೂರನ್ನೂ ಓದುತ್ತದೆ. 'ಟು ಬಿ ಫಿಲ್ಡ್' ಥರದ ಉತ್ತರ, ಖಾಲಿ ಉತ್ತರ, ಬರೀ ಸೊನ್ನೆ ಬಂದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದವುಗಳಲ್ಲಿ ಒಂದು ಹೊಂದಿದರೂ ತೆರೆಯುತ್ತದೆ. ಯಾವುದೂ ಹೊಂದದಿದ್ದರೆ ನನಗೆ ಫೋನ್ ಮಾಡಲು ಹೇಳಿ 15 ದಿನ ಪೂರ್ತಿ ಕೆಲಸ ಮಾಡುತ್ತದೆ. 15 ದಿನ ಕಳೆದರೂ ಹಳೆಯ ಪಟ್ಟಿಗಳನ್ನು ನೋಡುವುದಕ್ಕೆ, ಪ್ರಿಂಟ್ ತೆಗೆಯುವುದಕ್ಕೆ ತಡೆ ಇಲ್ಲ. ಲೆಕ್ಕ ಅವರದ್ದು. ಆಮೇಲೆ ಆ ಮಂಡಿಯಲ್ಲಿ ಎರಡು ಸಲ ಡಿಸ್ಕ್ ಬದಲಾಗಿದೆ, ಒಮ್ಮೆ ಸಿಡಿಲಿಗೆ ನೆಟ್‌ವರ್ಕ್ ಕಾರ್ಡ್ ಸುಟ್ಟಿದೆ. ಟೆಂಡರ್ ದಿನ ಪಟ್ಟಿ ನಿಂತಿಲ್ಲ.

ನಿಮ್ಮ ಲ್ಯಾಬಿನಲ್ಲಿ 40 ಕಂಪ್ಯೂಟರ್ ಇವೆ ಅಂತ ಬರುವಾಗ ಹೇಳಿದರು. ನಾಳೆ ನಿಮ್ಮ ಮೇಡಂ ಹತ್ತಿರ ಅನುಮತಿ ಕೇಳಿ, ಪ್ರತಿಯೊಂದರಲ್ಲೂ ಸೀರಿಯಲ್ ನಂಬರು, ಯುಯುಐಡಿ, ಡಿಸ್ಕಿನ ನಂಬರು ಓದುವ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಓಡಿಸಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಪ್ರತಿ ಕಾಲಮ್ಮಿನಲ್ಲಿ ಎಷ್ಟು ಬೇರೆ ಬೇರೆ ಉತ್ತರ ಬಂತು ಅಂತ ಎಣಿಸಿ. ಆಮೇಲೆ ಒಂದಾದರೂ ಡಬ್ಬ ಬಿಚ್ಚಿ, ಡಿಸ್ಕಿನ ಲೇಬಲ್ ಜೊತೆ ತಾಳೆ ನೋಡಿ. ಟಾರ್ಚ್ ತೆಗೆದುಕೊಂಡು ಹೋಗಿ, ಲೇಬಲ್ಲಿನ ಅಕ್ಷರ ತುಂಬ ಚಿಕ್ಕದಿರುತ್ತದೆ.